ಮಿಝುಯಾದಲ್ಲಿ ಕಲಿತ ಚಹಾ

ಕ್ಯೋಟೋ ನೋಡಲು ಬರುವ ನಮ್ಮ ಕಡೆಯವರು ಕಿಯೋಮಿಝು ದೇವಾಲಯ, ಬಂಗಾರದ ತಗಡು ಹೊದ್ದ ಕಿಂಕಾಕುಜಿ, ಅರಾಶಿಯಾಮಾದ ಬಿದಿರ ತೋಪು ಎಲ್ಲ ಮುಗಿಸಿ ಕೊನೆಗೆ ಕೇಳುವುದು ಒಂದೇ ಮಾತು: "ಟೀ ಸೆರೆಮನಿ ಅಂತಾರಲ್ಲ, ಅದನ್ನ ಎಲ್ಲಿ ನೋಡಬಹುದು?" ಪ್ರವಾಸಿಗರಿಗೆಂದೇ ಅದನ್ನು ಏರ್ಪಡಿಸುವ ಜಾಗಗಳು ಊರ ತುಂಬ ಇವೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಫೋಟೋಗಳೂ ಚೆನ್ನಾಗಿ ಬರುತ್ತವೆ. ಅದು ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ವಾರವಾರವೂ ಚಹಾ ಅಭ್ಯಾಸಕ್ಕೆ ಹೋಗಿ ಬರುವ ನಾನು ಕಂಡುಕೊಂಡದ್ದು ಬೇರೆ. ಚಾನೊಯು ಎಂಬ ಈ ಚಹಾ ವಿಧಿ ನಡೆಯುವ ಕೋಣೆಯಲ್ಲಿ ಪ್ರೇಕ್ಷಕರಿಗೆ ಜಾಗವಿಲ್ಲ. ಒಳಗೆ ಬಂದ ಪ್ರತಿಯೊಬ್ಬರಿಗೂ ಒಂದು ಕೆಲಸವಿದೆ. ಆ ಕೆಲಸದ ಬಹುಪಾಲು ಆಗುವುದು ಅತಿಥಿಗಳ ಕಣ್ಣಿಗೆ ಬೀಳದ ಹಿಂದಿನ ಕೋಣೆಯಲ್ಲಿ. ಮಿಝುಯಾ ಎಂದು ಕರೆಯುವ ಆ ಪುಟ್ಟ ಕೋಣೆಯಲ್ಲೇ ನಾನು ಚಹಾ ಕಲಿತೆ.

ಗಂಡನ ಸಂಶೋಧನೆಯ ಕೆಲಸಕ್ಕಾಗಿ ನಾವು ಈ ಊರಿಗೆ ಬಂದು ನೆಲೆಸಿದ ಮೇಲೆ ನೆರೆಮನೆಯ ಹಿರಿಯರೊಬ್ಬರು ನನ್ನನ್ನು ತಮ್ಮ ಗುರುಗಳ ಬಳಿಗೆ ಕರೆದೊಯ್ದರು. ಚಹಾ ಕಲಿಯುವವರು ಸಾಮಾನ್ಯವಾಗಿ ಹೀಗೆ ಪರಿಚಯದವರ ಕೈಹಿಡಿದೇ ಹೋಗುತ್ತಾರೆ. ಮೊದಲ ದಿನ ಮೂಲೆಯಲ್ಲಿ ಕೂತು ಪಾಠ ನೋಡಿ, ಕಲಿಯಬೇಕೆನಿಸಿದರೆ ಮಾತ್ರ ಮುಂದಿನ ವಾರ ಬಂದರಾಯಿತು. ಗುರುಗಳಿಗೆ ಎಪ್ಪತ್ತು ದಾಟಿದೆ. ಎಲ್ಲರೂ ಸೆನ್ಸೇ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಮನೆ ಊರಿನ ಉತ್ತರಕ್ಕೆ, ದಾಯ್ತೊಕುಜಿ ಎಂಬ ದೊಡ್ಡ ಝೆನ್ ಮಠದಿಂದ ಕೆಲವೇ ಬೀದಿ ಆಚೆ.

ಆ ಮಠದ ಮಹಾದ್ವಾರದ ಮುಂದೆ ಹಾದು ಪಾಠಕ್ಕೆ ಹೋಗುವಾಗಲೆಲ್ಲ ಚಹಾದ ಕಥೆ ನೆನಪಾಗುತ್ತದೆ. 1191ರಲ್ಲಿ ಚೀನಾದಿಂದ ಮರಳಿದ ಐಸಾಯ್ ಎಂಬ ಭಿಕ್ಷು ಚಹಾ ಬೀಜವನ್ನೂ ಪುಡಿ ಚಹಾ ಕುಡಿಯುವ ರೂಢಿಯನ್ನೂ ತಂದರೆಂದು ಹೇಳುತ್ತಾರೆ. ಭಿಕ್ಷುಗಳು ಧ್ಯಾನದ ನಡುವೆ ನಿದ್ದೆ ತಡೆಯಲು ಕುಡಿಯುತ್ತಿದ್ದದ್ದು ಬರಬರುತ್ತ ಸಿರಿವಂತರ ಕೈಗೆ ಹೋಗಿ ಆಡಂಬರವಾಯಿತು. ಚೀನಾದ ದುಬಾರಿ ಪಾತ್ರೆಗಳ ಪ್ರದರ್ಶನ ನಡೆಯಿತು, ಒಂದು ಗುಟುಕು ಕುಡಿದು ಯಾವ ತೋಟದ ಚಹಾ ಎಂದು ಹೇಳುವ ಪಂದ್ಯಗಳು ನಡೆದವು. ಅದನ್ನು ಸಣ್ಣ ಕೋಣೆಗೆ, ಮಣ್ಣಿನ ಬಟ್ಟಲಿಗೆ, ಬಿದಿರಿನ ಸೌಟಿಗೆ ಇಳಿಸಿದವರು ಮುರಾತಾ ಜುಕೋ, ಆಮೇಲೆ ತಾಕೆನೊ ಜೋಓ, ಅವರ ಶಿಷ್ಯ ಸೆನ್ ನೊ ರಿಕ್ಯೂ. ಸಕಾಯ್ ಪಟ್ಟಣದ ವ್ಯಾಪಾರಿ ಮನೆಯಲ್ಲಿ 1522ರಲ್ಲಿ ಹುಟ್ಟಿದ ರಿಕ್ಯೂ ಜಪಾನನ್ನು ಆಳುತ್ತಿದ್ದ ಟೊಯೊಟೊಮಿ ಹಿದೆಯೋಶಿಯ ಚಹಾ ಗುರುವಾದರು, 1591ರಲ್ಲಿ ಅವನದೇ ಆಜ್ಞೆಯಂತೆ ಹೊಟ್ಟೆ ಸೀಳಿಕೊಂಡು ಸತ್ತರು. ಕಾರಣವೇನೆಂದು ಇಂದಿಗೂ ಚರ್ಚೆಯಿದೆ. ಈ ಮಹಾದ್ವಾರದ ಮೇಲಂತಸ್ತಿನಲ್ಲಿ ರಿಕ್ಯೂ ಅವರ ಮರದ ಪ್ರತಿಮೆ ಇಟ್ಟದ್ದು, ಅದರ ಕಾಲಡಿಯಲ್ಲಿ ದೊರೆಯೂ ಹಾದುಹೋಗಬೇಕಾಗಿ ಬಂದದ್ದು ಹೇಳುವ ಕಾರಣಗಳಲ್ಲೊಂದು. ರಿಕ್ಯೂ ಮೊಮ್ಮಗ ಸೋತಾನ್ ಅವರ ಮೂವರು ಗಂಡುಮಕ್ಕಳಿಂದ ಮೂರು ಮನೆತನಗಳು ಬೆಳೆದವು: ಒಮೊತೆಸೆಂಕೆ, ಉರಾಸೆಂಕೆ, ಮುಶಾಕೋಜಿಸೆಂಕೆ. ಮೂರೂ ಇಂದಿಗೂ ಕ್ಯೋಟೋದಲ್ಲೇ ಇವೆ. ನಾನು ಕಲಿಯುತ್ತಿರುವುದು ಉರಾಸೆಂಕೆ ಪದ್ಧತಿ. ಪದ್ಧತಿಗಳ ನಡುವಿನ ವ್ಯತ್ಯಾಸ ಹೊರಗಿನವರ ಕಣ್ಣಿಗೆ ಬೀಳುವುದು ಬಟ್ಟಲೊಳಗೆ. ನಾವು ಚಹಾದ ಮೇಲ್ಮೈ ಪೂರ್ತಿ ನೊರೆ ಬರುವಂತೆ ಕಡೆಯುತ್ತೇವೆ. ಒಮೊತೆಸೆಂಕೆಯವರು ಒಂದು ಕಡೆ ಅರ್ಧಚಂದ್ರದಷ್ಟು ಜಾಗ ನೊರೆಯಿಲ್ಲದೆ ಬಿಡುತ್ತಾರೆ.

ಶುರುವಿನ ತಿಂಗಳುಗಳಲ್ಲಿ ನನಗೆ ಚಹಾ ಮಾಡಲು ಕೊಡಲಿಲ್ಲ. ಇಡೀ ವಿಧಿಯನ್ನು ಬಿಡಿಬಿಡಿಯಾಗಿ ಕತ್ತರಿಸಿ ಒಂದೊಂದು ತುಣುಕನ್ನೇ ಅಭ್ಯಾಸ ಮಾಡಿಸುತ್ತಾರೆ. ಮೊದಲ ತುಣುಕು ಫುಕುಸಾ ಮಡಚುವುದು. ಒಂದಡಿಗೆ ತುಸು ಕಡಿಮೆಯಿರುವ, ಎರಡು ಪದರದ ರೇಷ್ಮೆ ವಸ್ತ್ರ ಅದು. ಹೆಂಗಸರದು ಕೆಂಪು, ಗಂಡಸರದು ನೇರಳೆ. ಮೂರು ಬದಿ ಹೊಲಿಗೆ, ಒಂದು ಬದಿ ಮಡಿಕೆ. ಆ ಮಡಿಕೆಯ ಬದಿ ಬೆರಳಿಗೆ ಎಲ್ಲಿ ಸಿಗಬೇಕು ಎನ್ನುವುದರಿಂದ ಪಾಠ ಆರಂಭ. ಎಡ ಸೊಂಟದಿಂದ ಎಳೆದು, ತ್ರಿಕೋನವಾಗಿ ಹಿಡಿದು, ಅಗಲಿಸಿ, ಮೂರು ಪಾಲು ಮಾಡಿ, ಕೊನೆಗೆ ಅಂಗೈಯಲ್ಲಿ ಕೂರುವಷ್ಟು ಚಿಕ್ಕದಾಗಿಸಬೇಕು. ಅದರಿಂದ ಚಹಾಪುಡಿಯ ಡಬ್ಬಿ ನತ್ಸುಮೆಯನ್ನೂ, ಪುಡಿ ತೆಗೆಯುವ ಬಿದಿರಿನ ಕಡ್ಡಿ ಚಾಶಾಕುವನ್ನೂ ಅತಿಥಿಯ ಎದುರೇ ಒರೆಸುತ್ತೇವೆ.

ಅವು ಒಳಗಿಂದ ತರುವಾಗಲೇ ಶುಭ್ರವಾಗಿರುತ್ತವೆ. ಮತ್ತೆ ಒರೆಸುವುದೇಕೆ ಎಂದು ಕೇಳಿದೆ. "ಒಳಗೆ ತೊಳೆದದ್ದು ಪಾತ್ರೆಗಾಗಿ. ಇಲ್ಲಿ ಒರೆಸುವುದು ಎದುರು ಕೂತವರಿಗಾಗಿ" ಎಂದರು ಸೆನ್ಸೇ. ಅದಾದ ಮೇಲೆ ಪ್ರತಿಯೊಂದು ಚಲನೆಗೂ ಕಾರಣ ಹುಡುಕುವುದು ನನಗೆ ರೂಢಿಯಾಯಿತು, ಬಹುಪಾಲು ಸಲ ಕಾರಣ ಸಿಕ್ಕಿತು ಕೂಡ. ಕಡೆಯುವ ಚಾಸೆನ್ ಒಂದೇ ಬಿದಿರಿನ ತುಂಡನ್ನು ಸೀಳಿ ಮಾಡಿದ್ದು. ಎಂಬತ್ತರಿಂದ ನೂರಕ್ಕೂ ಹೆಚ್ಚು ಎಳೆಗಳಿರುತ್ತವೆ. ನಾರಾ ಪ್ರಾಂತ್ಯದ ತಾಕಾಯಾಮಾ ಎಂಬ ಹಳ್ಳಿ ಅದಕ್ಕೆ ಹೆಸರಾದದ್ದು. ಬಟ್ಟಲಿಗೆ ಬಿಸಿನೀರು ಹಾಕಿ ಚಾಸೆನ್ ಅದ್ದಿ, ಕಣ್ಣಿನ ಹತ್ತಿರಕ್ಕೆ ಎತ್ತಿ, ತಿರುಗಿಸಿ ಇಳಿಸುತ್ತೇವೆ. ನೋಡುವವರಿಗೆ ಅದು ನೃತ್ಯದ ಭಂಗಿ. ಮಾಡುವವರಿಗೆ ಯಾವುದಾದರೂ ಎಳೆ ಮುರಿದಿದೆಯೇ, ಮುರಿದ ಚೂರು ಚಹಾಕ್ಕೆ ಬೀಳಬಹುದೇ ಎಂಬ ತಪಾಸಣೆ. ಒಣಗಿದ ಬಿದಿರು ಬಿಸಿನೀರಿನಲ್ಲಿ ನೆನೆದು ಮೆತ್ತಗಾಗುತ್ತದೆ, ಬಟ್ಟಲೂ ಬೆಚ್ಚಗಾಗುತ್ತದೆ. ಒಂದು ಚಲನೆಯಲ್ಲಿ ಮೂರು ಕೆಲಸ.

ಬಳೆಯ ವಿಷಯ ನಮ್ಮ ಹೆಂಗಸರು ಕೇಳುತ್ತಾರೆ, ಆದ್ದರಿಂದ ಹೇಳುತ್ತೇನೆ. ಉಂಗುರ, ಗಡಿಯಾರ, ಬಳೆ ಎಲ್ಲವನ್ನೂ ತೆಗೆದಿಟ್ಟೇ ಕೋಣೆಗೆ ಹೋಗಬೇಕು. ಸೆಂಟು, ಮೂಗಿಗೆ ಬಡಿಯುವಷ್ಟು ಮುಡಿದ ಹೂವು ಕೂಡದು; ಚಹಾದ ಪರಿಮಳ ಬಲು ಮೆಲುವಾದದ್ದು. ಕೈ ಬರಿದಾಗಿಸಲು ನನಗೆ ಮನಸ್ಸು ಬರಲಿಲ್ಲ. ಸೆನ್ಸೇ ಒತ್ತಾಯಿಸಲಿಲ್ಲ. ಒಳಗಿಂದ ಒಂದು ಕಪ್ಪು ರಾಕು ಬಟ್ಟಲು ತಂದು ನನ್ನ ಎರಡೂ ಅಂಗೈ ಮೇಲೆ ಇಟ್ಟರು. ಚಕ್ರದ ಮೇಲೆ ತಿರುಗಿಸದೆ ಬರಿಗೈಯಲ್ಲಿ ತಿದ್ದಿ ತೀಡಿದ ಬಟ್ಟಲು. ರಿಕ್ಯೂ ಕಾಲದಲ್ಲಿ ಚೋಜಿರೋ ಎಂಬ ಕುಂಬಾರ ಶುರು ಮಾಡಿದ ರೀತಿ. ಕಡಿಮೆ ಶಾಖದಲ್ಲಿ ಸುಟ್ಟದ್ದಾದ್ದರಿಂದ ಮೈ ಮೃದು, ಹಗುರ. ಗಟ್ಟಿ ವಸ್ತು ತಾಗಿದರೆ ಗೀರು ಬೀಳುವುದು ಖಚಿತ. ಬಟ್ಟಲು ಹಿಂತಿರುಗಿಸಿದ ಮೇಲೆ ನಾನಾಗಿಯೇ ಬಳೆ ತೆಗೆದೆ. ತಾಳಿ ಕುಪ್ಪಸದೊಳಗೆ ಇರುತ್ತದೆ, ಅದಕ್ಕೆ ತೊಂದರೆಯಿಲ್ಲ.

ಮಂಡಿಯೂರಿ ಹಿಮ್ಮಡಿಯ ಮೇಲೆ ಕೂರುವ ಸೆಯ್ಝಾ ಚಕ್ಕಳಮಕ್ಕಳಕ್ಕೆ ಒಗ್ಗಿದ ನಮ್ಮ ಕಾಲಿಗೆ ಕಷ್ಟ. ಜಪಾನಿನ ಎಳೆಯರಿಗೂ ಕಷ್ಟವೇ. ಏಳುವ ಮೊದಲು ಕಾಲ್ಬೆರಳುಗಳನ್ನು ನೆಲಕ್ಕೆ ಊರಿ ಹಿಮ್ಮಡಿ ಎತ್ತಿ ಕ್ಷಣ ಕಾಯಬೇಕು, ರಕ್ತ ಹರಿದ ಮೇಲೆ ಏಳಬೇಕು. ಜೋಮು ಹಿಡಿದರೆ ಹಿಡಿದಿದೆಯೆಂದು ಹೇಳಿ ಕೂತಿರುವುದೇ ಮರ್ಯಾದೆ. ಎದ್ದು ಬಿಸಿ ಕೆಟಲಿನ ಮೇಲೆ ಬೀಳುವುದಲ್ಲ. ಮಂಡಿ ನೋವಿನವರಿಗೆ ಮೇಜು ಕುರ್ಚಿಯ ಪದ್ಧತಿಯೂ ಇದೆ. ಉರಾಸೆಂಕೆಯ 11ನೇ ಮುಖ್ಯಸ್ಥ ಗೆಂಗೆನ್‌ಸಾಯ್ 1872ರ ಕ್ಯೋಟೋ ವಸ್ತುಪ್ರದರ್ಶನಕ್ಕೆ ವಿದೇಶಿಯರು ಬರುತ್ತಾರೆಂದು ರೂಪಿಸಿದ್ದು ಅದು.

ಅತಿಥಿಯಾಗುವುದನ್ನು ಕಲಿಯಲು ಚಹಾ ಮಾಡುವುದನ್ನು ಕಲಿತಷ್ಟೇ ಕಾಲ ಹಿಡಿಯಿತು. ಮೊದಲು ಸಿಹಿ ತಿನ್ನಬೇಕು. ಮಡಚಿ ಇಟ್ಟುಕೊಂಡ ಬಿಳಿ ಕಾಗದ ಕಾಯ್ಶಿಯ ಮೇಲೆ ತೆಗೆದುಕೊಂಡು, ಪಕ್ಕದವರಿಗೆ 'ನಿಮಗಿಂತ ಮೊದಲು' ಎಂದು ತಲೆಬಾಗಿ, ಚಹಾ ಬರುವಷ್ಟರಲ್ಲಿ ಮುಗಿಸಿರಬೇಕು. ಬಾಯಲ್ಲಿ ಸಿಹಿ ಉಳಿದಿರುವಾಗಲೇ ಕಹಿ ಹಸಿರು ಚಹಾ ಕುಡಿಯಬೇಕು, ಚಹಾಕ್ಕೆ ಸಕ್ಕರೆ ಹಾಕುವ ಮಾತಿಲ್ಲ. ನಮ್ಮ ಸಸ್ಯಾಹಾರಿಗಳಿಗೆ ಇದು ಸಂತೋಷದ ಸುದ್ದಿ: ಈ ಸಿಹಿಗಳು ಬಹುತೇಕ ಬೇಳೆಕಾಳಿನ ಹೂರಣ, ಅಕ್ಕಿ ಹಿಟ್ಟು, ಸಕ್ಕರೆ, ಕಡಲಪಾಚಿಯಿಂದ ತೆಗೆದ ಅಗರ್‌ನಲ್ಲೇ ಆಗುತ್ತವೆ. ಶಿಕೊಕು ದ್ವೀಪದ ವಾಸಾನ್‌ಬೋನ್ ಸಕ್ಕರೆಯಲ್ಲಿ ಅಚ್ಚು ಒತ್ತಿದ ಒಣ ಸಿಹಿಯೊಂದನ್ನು ನಾಲಗೆ ಮೇಲಿಟ್ಟರೆ ಅಗಿಯುವ ಮೊದಲೇ ಕರಗಿಹೋಗುತ್ತದೆ.

ಬಟ್ಟಲು ಬಂದಾಗ ಅದರ ಅಂದವಾದ ಮುಖ ಅತಿಥಿಯ ಕಡೆಗಿರುತ್ತದೆ. ಎಡ ಅಂಗೈ ಮೇಲಿಟ್ಟು, ಬಲಗೈಯಿಂದ ಎರಡು ಸಲ ಪ್ರದಕ್ಷಿಣವಾಗಿ ತಿರುಗಿಸಿ, ಆ ಮುಖಕ್ಕೆ ತುಟಿ ತಾಗದಂತೆ ಕುಡಿಯುತ್ತೇವೆ. ಕೊನೆಯ ಗುಟುಕನ್ನು ಸದ್ದಾಗುವಂತೆ ಹೀರಬೇಕು, ಮುಗಿಯಿತೆಂದು ಚಹಾ ಮಾಡಿದವರಿಗೆ ತಿಳಿಯಲಿ ಎಂದು. ತುಟಿ ತಾಗಿದ ಜಾಗವನ್ನು ಬೆರಳಿಂದ ಒರೆಸಿ, ಬೆರಳನ್ನು ಕಾಗದಕ್ಕೆ ಒರೆಸಿ, ಬಟ್ಟಲನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಮೊದಲಿನಂತೆ ಇಡಬೇಕು. ಆಮೇಲೆ ಮೊಣಕೈಗಳನ್ನು ತೊಡೆಗೆ ಊರಿ, ಬಟ್ಟಲನ್ನು ನೆಲದಿಂದ ಹೆಚ್ಚು ಎತ್ತದೆ ಕೈಯಲ್ಲಿ ತಿರುಗಿಸಿ ನೋಡುವುದು, ಜಾರಿದರೂ ಒಡೆಯುವುದಿಲ್ಲ. ಮನೆಯವರೊಂದಿಗೆ ಮಾತಾಡುವ ಹೊಣೆ ಮೊದಲ ಅತಿಥಿಯದು: ಚಹಾದ ಹೆಸರೇನು, ಯಾರ ಅಂಗಡಿಯದು, ಚಾಶಾಕು ಕೆತ್ತಿದವರು ಯಾರು. ಕೊನೆಯ ಅತಿಥಿ ಖಾಲಿ ತಟ್ಟೆ ಒಟ್ಟುಮಾಡಿ ಕೊಡುತ್ತಾರೆ. ನಡುವಿನವರು ಕಣ್ಣು, ಕಿವಿ ತೆರೆದಿಟ್ಟುಕೊಂಡು ಪಕ್ಕದವರಿಗೆ ಅನುವು ಮಾಡಿಕೊಡುತ್ತಾರೆ.

ಪಾಠದ ನಡುವೆ ಬರೆದುಕೊಳ್ಳುವಂತಿಲ್ಲ. ಬರೆದರೆ ಕೈ ಕಲಿಯುವುದಿಲ್ಲ ಎನ್ನುತ್ತಾರೆ ಸೆನ್ಸೇ. ಮನೆಗೆ ಬರುವ ಬಸ್ಸಿನಲ್ಲಿ ನೆನಪಾದಷ್ಟನ್ನು ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದೆ. ಇಷ್ಟು ಮಾಡಿ ಬೇಸಿಗೆಯ ವಿಧಾನ ಕೈಗೆ ಕೂತಿತು ಅನ್ನುವಷ್ಟರಲ್ಲಿ ನವೆಂಬರ್ ಬಂತು, ಎಲ್ಲ ಬದಲಾಯಿತು. ಮೇಯಿಂದ ಅಕ್ಟೋಬರ್ ತನಕ ಬೆಂಕಿ ಇರುವುದು ಫುರೋ ಎಂಬ, ನೆಲದ ಮೇಲಿಡುವ ಒಲೆಯಲ್ಲಿ, ಅತಿಥಿಗಳಿಂದ ದೂರಕ್ಕೆ. ನವೆಂಬರಿನಿಂದ ಏಪ್ರಿಲ್ ತನಕ ತತಾಮಿ ಚಾಪೆಯ ಒಂದು ಚೌಕ ತೆಗೆದು ನೆಲದೊಳಗಿನ ಒಲೆಯಲ್ಲಿ, ಅತಿಥಿಗಳ ಹತ್ತಿರಕ್ಕೆ. ಕೂರುವ ಕೋನ, ಪಾತ್ರೆಗಳ ಜಾಗ, ಹಿಶಾಕು ಎಂಬ ಬಿದಿರಿನ ಸೌಟು ಹಿಡಿಯುವ ರೀತಿ ಎಲ್ಲ ಬೇರೆ. ಬೇಸಿಗೆಯಲ್ಲಿ ಸೌಟನ್ನು ಕೆಟಲಿನ ಬಾಯಿ ಮೇಲೆ ಇಡುವ ಒಂದು ಕ್ರಮ ಬಿಲ್ಲು ಸೆಳೆಯುವ ಕೈಯಿಂದ ಬಂದದ್ದು, ಚಳಿಗಾಲಕ್ಕೆ ಅದಿಲ್ಲ. ಕಡುಬೇಸಿಗೆಯಲ್ಲಿ ಚಹಾ ಬೇಗ ಆರಲೆಂದು ಅಗಲ ಬಾಯಿಯ ಬಟ್ಟಲು, ತಣ್ಣೀರ ಪಾತ್ರೆಗೆ ಮುಚ್ಚಳದ ಬದಲು ಒದ್ದೆ ಹಸಿರೆಲೆ. ಕಡುಚಳಿಯಲ್ಲಿ ಆಳದ ಬಟ್ಟಲು. ಮಾರ್ಚಿನಲ್ಲಿ ಚಾವಣಿಯಿಂದ ಸರಪಳಿಯಲ್ಲಿ ತೂಗುವ ಕೆಟಲು. ಬೇಸಿಗೆ ತಂಪಾಗಿರಲಿ, ಚಳಿಗಾಲ ಬೆಚ್ಚಗಿರಲಿ ಎಂದು ರಿಕ್ಯೂ ಹೇಳಿದರೆನ್ನುವ ಮಾತಿದೆ. ಅದನ್ನು ಇಷ್ಟು ವಸ್ತುಗಳಲ್ಲಿ ಸಾಧಿಸಬೇಕಾಗುತ್ತದೆಂದು ವರ್ಷ ಒಂದು ಸುತ್ತು ತಿರುಗಿದ ಮೇಲೆ ಅರ್ಥವಾಯಿತು.

ಜನವರಿಯ ಮೊದಲ ಚಹಾ ಕೂಟಕ್ಕೆ ಎಲ್ಲರೂ ಒಳ್ಳೆಯ ಕಿಮೋನೋ ಉಡುತ್ತಾರೆ. ನಾನು ಮೈಸೂರು ರೇಷ್ಮೆ ಸೀರೆ ಉಟ್ಟೆ. ಅವರವರ ನಾಡಿನ ಉಡುಪಿಗೆ ಇಲ್ಲಿ ಪೂರ್ತಿ ಗೌರವವಿದೆ. ಸೀರೆಯಲ್ಲಿ ಮಂಡಿಯೂರಿ ಕೂರುವುದು ಸುಲಭ. ಫುಕುಸಾವನ್ನು ಎಡಕ್ಕೆ ಸೊಂಟದಲ್ಲಿ ಸಿಕ್ಕಿಸಿಕೊಂಡೆ, ಸೆರಗನ್ನು ಬಿಗಿಯಾಗಿ ಪಿನ್ ಮಾಡಿಕೊಂಡೆ. ಅಂದು ಕೊಡುವ ಹಾನಾಬಿರಾ ಮೋಚಿ ಎಂಬ ಸಿಹಿಯೊಳಗೆ ಬಿಳಿ ಮಿಸೋ (ಹುದುಗಿಸಿದ ಸೋಯಾ ಕಾಳಿನ ಮುದ್ದೆ) ಬೆರೆಸಿದ ಹೂರಣ ಮತ್ತು ಸಕ್ಕರೆಯಲ್ಲಿ ಬೇಯಿಸಿದ ಗೋಬೋ ಬೇರಿನ ಒಂದು ಕಡ್ಡಿ ಇರುತ್ತದೆ. ಬೇರಿನ ಮಣ್ಣಿನ ವಾಸನೆ ಸಿಹಿಗೆ ಹೇಗೆ ಹೊಂದೀತು ಅನಿಸಿತ್ತು. ಹೊಂದಿತು.

ಇನ್ನು ಮಿಝುಯಾ. ಮಠದ ಅಂಗಣದಲ್ಲಿ ದೊಡ್ಡ ಚಹಾ ಕೂಟ ನಡೆಸುವ ಸರದಿ ಸೆನ್ಸೇ ಶಿಷ್ಯರಿಗೆ ಬಂದಾಗ ನನ್ನನ್ನು ಹಾಕಿದ್ದು ಅಲ್ಲಿಗೆ. ಒಂದೊಂದು ತಂಡದಲ್ಲಿ ಹತ್ತಾರು ಅತಿಥಿಗಳು. ಮುಂದೆ ಕೂತು ಚಹಾ ಮಾಡುವವರು ಮಾಡಿದ ಬಟ್ಟಲುಗಳು ಮೊದಲ ಒಬ್ಬಿಬ್ಬರಿಗೆ ಮಾತ್ರ. ಉಳಿದವರಿಗೆಲ್ಲ ಹಿಂದಿನಿಂದ ಹೋಗುತ್ತವೆ. ಬೆಳಗಿನ ಕತ್ತಲಲ್ಲೇ ಮಾಚಾ ಪುಡಿಯನ್ನು ಸಣ್ಣ ಜರಡಿಯಲ್ಲಿ ಜರಡಿ ಹಿಡಿದೆವು. ಒಂದು ಗಂಟು ಉಳಿದರೂ ಕುಡಿಯುವವರ ನಾಲಗೆಗೆ ಸಿಗುತ್ತದೆ. ಕ್ಯೋಟೋ ಪಕ್ಕದ ಉಜಿಯ ತೋಟಗಳಲ್ಲಿ ಕೊಯ್ಲಿಗೆ ಮೂರು ನಾಲ್ಕು ವಾರ ಮೊದಲಿನಿಂದ ಚಪ್ಪರ ಹಾಕಿ ಬಿಸಿಲು ತಡೆದು ಬೆಳೆಸಿದ ಎಲೆ ಅದು. ಉಗಿಯಲ್ಲಿ ಹಬೆಯಾಡಿಸಿ ಒಣಗಿಸಿ, ನಾರು ನರ ತೆಗೆದು ಬೀಸುಕಲ್ಲಿಗೆ ಹಾಕಿದರೆ ಒಂದು ಕಲ್ಲಿನಿಂದ ಗಂಟೆಗೆ ಸಿಗುವುದು 40 ಗ್ರಾಂ ಆಸುಪಾಸು. ಜಗತ್ತಿನ ಕೆಫೆಗಳೆಲ್ಲ ಮಾಚಾ ಕೇಳತೊಡಗಿದ ಮೇಲೆ, 2024ರ ಶರತ್ಕಾಲದಲ್ಲಿ ಕ್ಯೋಟೋದ ಹಳೆಯ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಡಬ್ಬಿ ಎಂದು ಮಿತಿ ಹಾಕಿದವು. ಅಂಥ ಪುಡಿ ನೆಲಕ್ಕೆ ಚೆಲ್ಲದಂತೆ ಕೈ ತಾನಾಗಿ ಜಾಗರೂಕವಾಗುತ್ತದೆ.

ಕೂಟ ಶುರುವಾದರೆ ಬಿಡುವಿಲ್ಲ. ಒಬ್ಬರು ಬಟ್ಟಲು ಬಿಸಿ ಮಾಡಿ ಒರೆಸುತ್ತಾರೆ, ಒಬ್ಬರು ಪುಡಿ ಹಾಕುತ್ತಾರೆ, ಬಟ್ಟಲಿಗೆ ಸುಮಾರು 2 ಗ್ರಾಂ. ಒಬ್ಬರು 70 ಮಿ.ಲೀ.ನಷ್ಟು ಬಿಸಿನೀರು ಹುಯ್ಯುತ್ತಾರೆ, ಇಬ್ಬರು ಕಡೆಯುತ್ತಾರೆ, ಒಬ್ಬರು ಬಟ್ಟಲಿನ ಮುಖ ಎತ್ತ ಇದೆಯೆಂದು ನೋಡಿ ಹೊತ್ತೊಯ್ಯುವವರ ಕೈಗೆ ಕೊಡುತ್ತಾರೆ. ಒಬ್ಬ ಅತಿಥಿ ಸಿಹಿ ಮುಗಿಸಿದ್ದಾರೆ, ಅವರಿಗೆ ಚಹಾ ಬಿಸಿಯಾಗಿ ಸಿಗಬೇಕು, ತೀರ ಮೊದಲೂ ಹೋಗಬಾರದು. ಬಾಗಿಲ ಸಂದಿನಿಂದ ಬರುವ ಸದ್ದು ಕೇಳಿಯೇ ಅದನ್ನು ಲೆಕ್ಕ ಹಾಕಬೇಕು. ಕಾಲಿಗೆ ಬಿಳಿ ಕಾಲುಚೀಲ, ಒರೆಸುವ ಬಟ್ಟೆಗಳಲ್ಲಿ ಬಟ್ಟಲಿಗೆ ಒಂದು, ನೆಲಕ್ಕೆ ಒಂದು, ಒಂದರದು ಇನ್ನೊಂದಕ್ಕೆ ತಾಗುವಂತಿಲ್ಲ. ನನ್ನ ಅಜ್ಜಿಯ ಮಡಿ ಅಡುಗೆಮನೆಯಲ್ಲಿ ಯಾವ ಸೌಟು ಯಾವುದಕ್ಕೆ ಎಂಬುದಕ್ಕಿದ್ದ ಖಡಾಖಂಡಿತ ಶಿಸ್ತು ಇಲ್ಲೂ ಇತ್ತು. ಅಲ್ಲಿ ಹುಟ್ಟಿ ಬೆಳೆದದ್ದರಿಂದಲೋ ಏನೋ, ಮಿಝುಯಾದಲ್ಲಿ ನಾನು ಬೇಗ ಹೊಂದಿಕೊಂಡೆ. ಮುಂದೆ ಕೂತು ಚಹಾ ಮಾಡುವ ಹಿರಿಯ ಶಿಷ್ಯರು ಒಳಗೆ ಬಂದಾಗಲೆಲ್ಲ ಮೊದಲು ನಮಗೆ ತಲೆಬಾಗಿ 'ನಿಮ್ಮಿಂದಾಯಿತು' ಎನ್ನುತ್ತಿದ್ದರು. ಉಪಚಾರಕ್ಕೆ ಹೇಳಿದ ಮಾತಲ್ಲ ಅದು. ನಾವು ಒಂದು ನಿಮಿಷ ತಡ ಮಾಡಿದರೆ ಅವರ ನಿಧಾನವಾದ ಚಂದದ ಕೈಚಳಕವೆಲ್ಲ ವ್ಯರ್ಥ.

ಇದ್ದಿಲು, ಬೂದಿಯ ಕೆಲಸವೂ ಅಲ್ಲಿಯದೇ. ಕುನುಗಿ ಓಕ್ ಮರದ ಇದ್ದಿಲನ್ನು ಅಳತೆಗೆ ಕತ್ತರಿಸಿ, ಸಿಡಿಯದಿರಲೆಂದು ಮುಂಚೆಯೇ ತೊಳೆದು ಒಣಗಿಸುತ್ತಾರೆ. ಕತ್ತರಿಸಿದ ಮುಖದಲ್ಲಿ ನಡುವಿನಿಂದ ಹೊರಟ ಬಿರುಕುಗಳು ಸೇವಂತಿಗೆಯ ಎಸಳುಗಳಂತೆ ಕಾಣುವುದರಿಂದ ಅದನ್ನು ಸೇವಂತಿಗೆ ಇದ್ದಿಲು ಎಂದೇ ಕರೆಯುತ್ತಾರೆ. ಬೂದಿ ವರ್ಷಗಟ್ಟಲೆ ಬಳಸಿ, ಜರಡಿ ಹಿಡಿದು, ಬೇಸಿಗೆಯ ಕಡುಬಿಸಿಲಲ್ಲಿ ಚಹಾ ಕಷಾಯ ಚಿಮುಕಿಸಿ ಒಣಗಿಸಿ ಸಾಕಿದ್ದು. ಮನೆಗೆ ಬೆಂಕಿ ಬಿದ್ದರೆ ಚಹಾ ಮನುಷ್ಯ ಮೊದಲು ಬೂದಿ ಹೊತ್ತು ಓಡುತ್ತಾನೆ ಎಂಬ ಮಾತು ಇಲ್ಲಿದೆ. ಆಗಸ್ಟಿನ ಸೆಕೆಯಲ್ಲಿ ಸೆನ್ಸೇ ಹಿತ್ತಲಲ್ಲಿ ಬೂದಿ ಒಣಗಿಸಿ ಜರಡಿ ಹಿಡಿದ ಮೇಲೆ ನನಗೆ ಆ ಮಾತು ಉತ್ಪ್ರೇಕ್ಷೆ ಅನಿಸುವುದಿಲ್ಲ.

ಕಳೆದ ಚಳಿಗಾಲದ ಕೊನೆಯಲ್ಲಿ ಸೆನ್ಸೇ ನಮ್ಮನ್ನು ಚಾಜಿಗೆ ಕರೆದರು. ಅದು ಪೂರ್ಣ ವಿಧಿ, ನಾಲ್ಕು ಗಂಟೆ ಹಿಡಿಯುತ್ತದೆ. ಪ್ರವಾಸಿಗರು ಕಾಣುವ ತೆಳು ಚಹಾ ಅದರ ತೀರ ಕೊನೆಯ ಭಾಗ. ಕಾಗದದಲ್ಲಿ ಆಹ್ವಾನ ಬಂದಾಗ ನನ್ನ ಚಿಂತೆ ಊಟದ್ದು. ಚಾಜಿಯ ಕಾಯ್ಸೆಕಿ ಊಟದಲ್ಲಿ ಮೀನಿರುತ್ತದೆ, ಸಾರಿಗೂ ಒಣಮೀನಿನ ರಸವೇ ಬುನಾದಿ. ನಾನು ಸಸ್ಯಾಹಾರಿ. ಮುಂಚಿತವಾಗಿ ತಿಳಿಸಿದೆ. ಸೆನ್ಸೇ ನನಗೊಬ್ಬಳಿಗೇ ಬೇರೆ ಮಾಡಲಿಲ್ಲ. ಝೆನ್ ಮಠಗಳ ಸಸ್ಯಾಹಾರ ಪದ್ಧತಿಯಂತೆ ಕೊಂಬು ಕಡಲಪಾಚಿ, ಒಣ ಅಣಬೆಯ ರಸದಲ್ಲಿ ಎಲ್ಲರ ಅಡುಗೆಯನ್ನೂ ಮಾಡಿದರು. "ಒಬ್ಬರ ತಟ್ಟೆ ಬೇರೆಯಾದರೆ ಕೋಣೆ ಎರಡಾಗುತ್ತದೆ" ಎಂದರು.

ಅಂದು ಗೇಟಿನ ಒಳಗೆ ಕಲ್ಲು ಹಾದಿ ಒದ್ದೆಯಾಗಿತ್ತು. ನೀರು ಚಿಮುಕಿಸಿದ್ದರೆ 'ಸಿದ್ಧ, ಬನ್ನಿ' ಎಂದರ್ಥ. ತಗ್ಗಿನ ಕಲ್ಲು ತೊಟ್ಟಿಯಲ್ಲಿ ಕೈ ಬಾಯಿ ತೊಳೆಯಬೇಕು. ಚಳಿಯೆಂದು ಪಕ್ಕದಲ್ಲಿ ಬಿಸಿನೀರಿನ ಮರದ ಬಕೆಟ್ಟನ್ನೂ ಇಟ್ಟಿದ್ದರು. ಆಮೇಲೆ ನಿಜಿರಿಗುಚಿ: ಸುಮಾರು 66 ಸೆಂ.ಮೀ. ಎತ್ತರ, 63 ಸೆಂ.ಮೀ. ಅಗಲದ ಬಾಗಿಲು. ಮಂಡಿಯೂರಿ ತಲೆ ಬಗ್ಗಿಸದೆ ಒಳಗೆ ಹೋಗಲಾಗದು, ಕತ್ತಿ ಸಿಕ್ಕಿಸಿಕೊಂಡಂತೂ ಆಗದು. ಅಲ್ಲಿಂದ ಮುಂದೆ ಆತಿಥೇಯರಿಗೂ ಅತಿಥಿಗಳಿಗೂ ನಡುವೆ ಸದ್ದುಗಳೇ ಮಾತು. ಕೊನೆಯವರು ಬಾಗಿಲನ್ನು ತುಸು ಸದ್ದಾಗುವಂತೆ ಮುಚ್ಚಿದರೆ ಎಲ್ಲರೂ ಒಳಗೆ ಬಂದರೆಂದು ಮಿಝುಯಾದಲ್ಲಿರುವ ಸೆನ್ಸೇಗೆ ಗೊತ್ತಾಗುತ್ತದೆ.

ನಾಲ್ಕೂವರೆ ಚಾಪೆಯ ಕೋಣೆ. ಗೋಡೆಯ ಗೂಡಿನಲ್ಲಿ ಝೆನ್ ಗುರುವೊಬ್ಬರ ಕೈಬರಹದ ಸುರುಳಿ. ಚಳಿಗಾಲದಲ್ಲಿ ಮೊದಲು ಇದ್ದಿಲು ಜೋಡಿಸುವುದು, ಆಮೇಲೆ ಊಟ; ಬೇಸಿಗೆಯಲ್ಲಿ ತಿರುಗುಮುರುಗು. ಸೆನ್ಸೇ ಒದ್ದೆ ಬೂದಿ ಚಿಮುಕಿಸಿ ಇದ್ದಿಲನ್ನು ಒಂದೊಂದಾಗಿ ಇಡುವಾಗ ನಾವೆಲ್ಲ ಒಲೆಯ ಅಂಚಿಗೆ ಸರಿದು ಬಗ್ಗಿ ನೋಡಿದೆವು. ಊಟಕ್ಕೆ ತಲಾ ಒಂದು ಅರಗಿನ ತಟ್ಟೆ: ಒಂದಿಷ್ಟು ಅನ್ನ, ಮಿಸೋ ಸಾರು, ಆಚೆ ಬದಿಗೆ ಒಂದು ಪಲ್ಯ. ನಡುವೆ ಕಡಲಿನದೊಂದು, ಬೆಟ್ಟದ್ದೊಂದು ತಿನಿಸು ಜೊತೆಗಿಟ್ಟು ಸಾಕೆ ಎಂಬ ಅಕ್ಕಿ ಮದ್ಯ ಹಂಚಿಕೊಳ್ಳುವ ಘಟ್ಟವಿದೆ. ಅಂದು ಕಡಲಿನ ಪಾಲಿಗೆ ಬಂದದ್ದು ಕೊಂಬು. ಸಾಕೆ ಬೇಡದವರು ಬಟ್ಟಲನ್ನು ತುಟಿಗೆ ತಾಗಿಸಿದರೆ ಸಾಕು. ಕೊನೆಗೆ ಸೀದ ಅನ್ನದ ಪರಿಮಳವಿರುವ ಬಿಸಿನೀರು ಕುಡಿದು, ನಮ್ಮ ಬಟ್ಟಲುಗಳನ್ನು ನಾವೇ ಕಾಗದದಿಂದ ಒರೆಸಿ, ಎಲ್ಲರೂ ಒಟ್ಟಿಗೆ ಚಾಪ್‌ಸ್ಟಿಕ್‌ಗಳನ್ನು ತಟ್ಟೆಗೆ ಬೀಳಿಸಿದೆವು. ಆ ಸದ್ದಿಗೆ ಕಾದಿದ್ದವರು ಬಾಗಿಲು ಸರಿಸಿ ಬಂದರು.

ಸಿಹಿ ತಿಂದು ತೋಟಕ್ಕೆ ಹೋಗಿ ಕೂತೆವು. ಸ್ವಲ್ಪ ಹೊತ್ತಿಗೆ ಒಳಗಿಂದ ಜಾಗಟೆ: ಜೋರಾಗಿ, ಮೆಲ್ಲಗೆ, ಮಧ್ಯಮವಾಗಿ ಎರಡು, ಮತ್ತೆ ಜೋರಾಗಿ, ಒಟ್ಟು ಐದು ಪೆಟ್ಟು. ಬಗ್ಗಿ ಕೂತು ಕೇಳಬೇಕು. ಮತ್ತೆ ಒಳಗೆ ಹೋದರೆ ಸುರುಳಿ ಇದ್ದ ಜಾಗದಲ್ಲಿ ಬಿದಿರಿನ ಹೂದಾನಿ, ಅರಳಲಿರುವ ಬಿಳಿ ಕ್ಯಾಮೆಲಿಯಾದ ಒಂದು ಮೊಗ್ಗು.

ಇನ್ನು ಕೊಯ್ಚಾ ಎಂಬ ಗಟ್ಟಿ ಚಹಾ. ಚಾಜಿಯ ಎಲ್ಲ ಸಿದ್ಧತೆಯೂ ಈ ಒಂದು ಬಟ್ಟಲಿಗಾಗಿ. ಒಬ್ಬರಿಗೆ ಸುಮಾರು 4 ಗ್ರಾಂ ಪುಡಿ, ಸ್ವಲ್ಪವೇ ನೀರು, ಕಡೆಯುವುದಿಲ್ಲ, ನಾದುತ್ತಾರೆ. ಬಟ್ಟಲು ಓರೆ ಮಾಡಿದರೆ ನಿಧಾನವಾಗಿ ಜಾರಿ ಬರುವಷ್ಟು ಗಟ್ಟಿ. ಅದನ್ನು ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯಬೇಕು. ಬಾಟಲಿಯನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆಯಲ್ಲಿ ಬೆಳೆದವಳು ನಾನು. ಇನ್ನೊಬ್ಬರ ಎಂಜಲು ಗಂಡ ಮಕ್ಕಳದ್ದಾದರೂ ನನಗೆ ಸುಲಭವಲ್ಲ. ಕೊರೋನಾ ವರ್ಷಗಳಲ್ಲಿ ಕೊಯ್ಚಾವನ್ನೂ ಬೇರೆ ಬೇರೆ ಬಟ್ಟಲಲ್ಲಿ ಕೊಡುತ್ತಿದ್ದರು, ಈಗಲೂ ಹಾಗೆ ಕೇಳಬಹುದಿತ್ತು. ಕೇಳದಿರಲು ನಾನೇ ನಿರ್ಧರಿಸಿದ್ದೆ. ನನ್ನ ಮುಂದಿನವರು ಮೂರು ಗುಟುಕು ಕುಡಿದು, ತಾವೇ ತಂದಿದ್ದ ಒದ್ದೆ ಬಟ್ಟೆಯಿಂದ ಅಂಚನ್ನು ಮುಟ್ಟಿ ಮುಟ್ಟಿ ಒರೆಸಿದರು. ಅವಸರವಿಲ್ಲದೆ, ತಮ್ಮದೇನೂ ಉಳಿಯದಂತೆ ಒರೆಸುತ್ತಿದ್ದಾರೆಂದು ನೋಡಿದರೆ ಗೊತ್ತಾಗುತ್ತಿತ್ತು. ಬಟ್ಟಲು ನನ್ನ ಕೈಗೆ ಬಂದಾಗ ಇನ್ನೂ ಬಿಸಿಯಾಗಿತ್ತು. ಕುಡಿದೆ. ಮೊದಲು ಕಹಿ, ಆಮೇಲೆ ಗಂಟಲಲ್ಲಿ ಬಹಳ ಹೊತ್ತು ನಿಲ್ಲುವ ಸಿಹಿ. ನನ್ನ ಬಳಿಕ ಕುಡಿಯುವವರಿಗಾಗಿ ನಾನೂ ಅಷ್ಟೇ ನಿಧಾನವಾಗಿ ಒರೆಸಿದೆ. ಎಂಜಲಿನ ಬಗ್ಗೆ ನನ್ನ ನಂಬಿಕೆ ಬದಲಾಗಿಲ್ಲ. ಆದರೆ ಆ ಬಟ್ಟಲಿನಲ್ಲಿ ಎಂಜಲಿರಲಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಖರ್ಚಿನ ಮಾತನ್ನೂ ಹೇಳಬೇಕು. ತಿಂಗಳ ಗುರುದಕ್ಷಿಣೆ ಲಕೋಟೆಯಲ್ಲಿಟ್ಟು ಕೊಡುತ್ತೇವೆ, ಅದು ಹೊರೆಯಲ್ಲ. ಆದರೆ ಹೊಸ ಹಂತದ ವಿಧಿ ಕಲಿಯಲು ಮನೆತನದ ಮುಖ್ಯಸ್ಥರ ಅನುಮತಿ ಪತ್ರ ಬೇಕು, ಅದಕ್ಕೆ ಶುಲ್ಕವಿದೆ, ಮೇಲೆ ಹೋದಂತೆ ಏರುತ್ತದೆ. ಕಿಮೋನೋ, ಪಾತ್ರೆಗಳು ಬೇರೆ. ನಾಲ್ಕು ನೂರು ವರ್ಷ ಒಂದು ವಿದ್ಯೆಯನ್ನು ಚೆದುರದಂತೆ ಉಳಿಸಿದ್ದು ಈ ವ್ಯವಸ್ಥೆಯೇ ಎಂಬುದನ್ನು ಒಪ್ಪುತ್ತೇನೆ. ಅನುಕೂಲವಿಲ್ಲದ ಎಳೆಯರು ಬಾಗಿಲಲ್ಲೇ ನಿಲ್ಲುತ್ತಾರೆ ಎಂಬುದೂ ನಿಜ, ಅದು ನನಗೆ ನೋವಿನ ವಿಷಯ. ಕ್ಯೋಟೋ ಮತ್ತು ಒಸಾಕಾ ನಡುವಿನ ಯಾಮಾಝಾಕಿಯಲ್ಲಿ ರಿಕ್ಯೂ ಅವರದೆಂದು ಹೇಳುವ ತಾಯ್‌ಆನ್ ಎಂಬ ಚಹಾ ಕೋಣೆಯಿದೆ, ಈಗ ರಾಷ್ಟ್ರೀಯ ನಿಧಿ. ಮೊದಲೇ ಬರೆದು ಅನುಮತಿ ಪಡೆದು ಹೊರಗಿನಿಂದ ನೋಡಿ ಬಂದೆ. ಎರಡೇ ಚಾಪೆಯ ಜಾಗ. ಮಣ್ಣಿನ ಗೋಡೆ, ಹೊಗೆಯ ಬಣ್ಣ. ಇಷ್ಟರಲ್ಲೇ ಎಲ್ಲ ನಡೆಯಬಲ್ಲದು ಎಂದು ತೋರಿಸಿದವರ ವಿದ್ಯೆ ಇದು.

ಚಾಜಿಯ ಮರುದಿನ ಕೃತಜ್ಞತೆ ಹೇಳಲು ಹೋದಾಗ ಸೆನ್ಸೇ ಪಾತ್ರೆಗಳನ್ನು ಒಣಗಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು. "ನವೆಂಬರಿಗೆ ನೀವು ಮಾಡಿ. ಮೂವರು ಅತಿಥಿಗಳು ಸಾಕು. ಕೋಣೆ ಇಲ್ಲಿಯದು, ಬೂದಿ ನನ್ನದು, ಉಳಿದದ್ದು ನಿಮ್ಮದು" ಎಂದರು. ಆಹ್ವಾನ ಪತ್ರದ ಕರಡು ಬರೆದಿದ್ದೇನೆ. ಇದ್ದಿಲು ತೊಳೆದಾಗಿದೆ. ಸಾರಿಗೆ ಕೊಂಬು ಎಷ್ಟು ಹೊತ್ತು ನೆನೆಸಬೇಕೆಂದು ಈಗ ಕೈಗೆ ಗೊತ್ತು. ಬಾಕಿ ಇರುವುದು ಅನ್ನ. ಕಾಯ್ಸೆಕಿಯಲ್ಲಿ ಮೊದಲು ಬಡಿಸುವ ಅನ್ನ ಇನ್ನೂ ಹಬೆಯಲ್ಲಿ ಕೂರದ, ನೀರು ಆಗಷ್ಟೇ ಇಂಗಿದ ಹಸಿ ಹದದ್ದು. ಸೌಟಿನ ಒಂದೇ ಎಳೆತಕ್ಕೆ ಬಟ್ಟಲಲ್ಲಿ ನೇರ ಗೆರೆಯಾಗಿ ಮಲಗಬೇಕು. ಅತಿಥಿಗಳು ಬಂದು ಕೂತ ಹೊತ್ತಿಗೆ ಸರಿಯಾಗಿ ಅಕ್ಕಿ ಬೇಯುವಂತೆ ಒಲೆ ಹಚ್ಚುವ ಗಳಿಗೆ ಲೆಕ್ಕ ಹಾಕುವುದೇ ದೊಡ್ಡ ಕೆಲಸ. ಬೆಳಿಗ್ಗೆ ಮನೆಯವರು ಏಳುವ ಮೊದಲು ಸಣ್ಣ ಮಣ್ಣಿನ ಮಡಕೆಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದೇನೆ.